ಹಳೆಯ ಕಾರು ಕೈಕೊಟ್ಟಾಗ ಡೀಲರನಿಂದ ಹಣ ಮರಳಿ ಪಡೆಯುವ ದಾರಿ

ಡೀಲರನಿಂದ ಕೊಂಡ ಹಳೆಯ ಕಾರಿನಲ್ಲಿ ಮುಚ್ಚಿಟ್ಟ ದೋಷ ಬಯಲಾದರೆ ಕಾರನ್ನು ಹಿಂದಿರುಗಿಸಿ ಹಣ ಕೇಳುವ ಹಕ್ಕು ಕೊಂಡವರಿಗೆ ಕಾನೂನಿನಲ್ಲಿ ಇದೆ. ಆದರೆ ಅದು ಒಂದೇ ಕಾಯ್ದೆಯ ಒಂದೇ ಕಲಮಿನಲ್ಲಿ ಸಿಗುವುದಿಲ್ಲ. 1872ರ ಕರಾರು ಕಾಯ್ದೆ, 1930ರ ಸರಕು ಮಾರಾಟ ಕಾಯ್ದೆ, 1988ರ ಮೋಟಾರು ವಾಹನ ಕಾಯ್ದೆ ಮತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಈ ನಾಲ್ಕರಲ್ಲೂ ಅದರ ತುಂಡುಗಳಿವೆ. ಅವನ್ನು ಜೋಡಿಸಿ ಹಕ್ಕನ್ನು ಗೆಲ್ಲಿಸಿಕೊಡುವುದು ಮಾತ್ರ ಕಾರು ಕೊಂಡ ದಿನ ಕೈಗೆ ಬಂದ ಕಾಗದಪತ್ರ.

ಮಹಾರಾಷ್ಟ್ರದ ಸೋಲಾಪುರದ ವಿಜಾಪುರ ರಸ್ತೆಯಲ್ಲಿ ಹಳೆಯ ಕಾರು ಕೊಳ್ಳುವವರಿಗೆ ಈ ವಿಷಯದ ಇನ್ನೊಂದು ಮಗ್ಗುಲು ಎದುರಾಗುತ್ತದೆ. ಸೋಲಾಪುರದ ಆರ್‌ಟಿಓ ಕಚೇರಿ ಇರುವ ಈ ರಸ್ತೆ ಸೈಫುಲ್, ಸೋರೇಗಾಂವ ದಾಟಿ, ಮಂದ್ರೂಪದ ಕಡೆಯಿಂದ ಟಾಕಳಿಗೆ ಬಂದು, ಭೀಮಾ ನದಿಯ ಆಚೆ ಧೂಳಖೇಡದಲ್ಲಿ ಕರ್ನಾಟಕ ಸೇರುತ್ತದೆ. ರಾಷ್ಟ್ರೀಯ ಹೆದ್ದಾರಿ 52ರ ಭಾಗವಾದ ಈ ದಾರಿಯಲ್ಲಿ ವಿಜಯಪುರಕ್ಕೆ ಸುಮಾರು 100 ಕಿಲೋಮೀಟರ್. ಪುಣೆ–ಹೈದರಾಬಾದ್ ಹೆದ್ದಾರಿಯೂ ಸೋಲಾಪುರದ ಮೂಲಕವೇ ಹಾದುಹೋಗುವುದರಿಂದ ಎರಡು ಮಹಾನಗರಗಳ ಹಳೆಯ ಗಾಡಿಗಳು ಇಲ್ಲಿಗೆ ಸುಲಭವಾಗಿ ತಲುಪುತ್ತವೆ. ಕೊಳ್ಳುವವರಲ್ಲಿ ಸೋಲಾಪುರ, ಅಕ್ಕಲಕೋಟೆ, ದಕ್ಷಿಣ ಸೋಲಾಪುರ ತಾಲೂಕುಗಳ ಕನ್ನಡಿಗರೂ ಇದ್ದಾರೆ, ಇಂಡಿ, ಚಡಚಣ, ವಿಜಯಪುರ, ಅಫಜಲಪುರದವರೂ ಇದ್ದಾರೆ. ಸೋಲಾಪುರದ ಎಂಎಚ್ 13 ನಂಬರಿನ ಕಾರು ವಿಜಯಪುರದ ಕೆಎ 28ರ ಊರಿಗೆ ಹೋದಾಗ ಒಂದೇ ವ್ಯವಹಾರಕ್ಕೆ ಎರಡು ರಾಜ್ಯ, ಎರಡು ಆರ್‌ಟಿಓ, ಎರಡು ಭಾಷೆಗಳ ಸಂಬಂಧ ಬರುತ್ತದೆ. ಕಾರು ಕೆಟ್ಟಾಗ ಎಲ್ಲಿ, ಯಾರ ವಿರುದ್ಧ, ಯಾವ ಕಾಗದ ಹಿಡಿದು ಕೇಳಬೇಕು ಎಂಬ ಗೊಂದಲ ಇಲ್ಲಿಂದಲೇ ಶುರುವಾಗುತ್ತದೆ.

ಮಾರಿದವರು ಯಾರು?

ಹಣ ಮರಳಿ ಕೇಳುವ ಮೊದಲು ಹಣ ಯಾರಿಂದ ಬರಬೇಕು ಎಂಬುದು ಗೊತ್ತಿರಬೇಕು. ಹಳೆಯ ಕಾರಿನ ಮಾರಾಟ ಸಾಮಾನ್ಯವಾಗಿ ಮೂರು ಬಗೆಯಲ್ಲಿ ನಡೆಯುತ್ತದೆ. ಮೊದಲನೆಯದು, ಕಾರಿನ ಮಾಲೀಕರೇ ನೇರವಾಗಿ ಮಾರುವುದು. ಎರಡನೆಯದು, ಡೀಲರ್ ತಾನೇ ಕಾರು ಖರೀದಿಸಿ, ದುರಸ್ತಿ ಮಾಡಿಸಿ, ತನ್ನ ಹೆಸರಿನ ಬಿಲ್ಲಿನಲ್ಲಿ ಮಾರುವುದು. ಮೂರನೆಯದು, ಡೀಲರ್ ಅಥವಾ ಏಜೆಂಟ್ ಕಾರನ್ನು ತನ್ನ ಅಂಗಳದಲ್ಲಿ ನಿಲ್ಲಿಸಿಕೊಂಡು, ಹಣ ತಾನು ಪಡೆದು, ಕಾಗದದಲ್ಲಿ ಮಾತ್ರ ಹಳೆಯ ಮಾಲೀಕನಿಂದ ಹೊಸ ಮಾಲೀಕನಿಗೆ ನೇರ ವರ್ಗಾವಣೆ ತೋರಿಸುವುದು.

ಹೆಚ್ಚಿನ ತಕರಾರು ಈ ಮೂರನೆಯ ಬಗೆಯಲ್ಲಿ. ಇಂಜಿನ್ ಕೆಟ್ಟಿತೆಂದು ಹೋದರೆ ‘ನಾನು ಬರೀ ಮಧ್ಯಸ್ಥ, ಮಾಲೀಕರನ್ನು ಕೇಳಿ’ ಎಂದು ಡೀಲರ್ ಕೈತೊಳೆದುಕೊಳ್ಳುತ್ತಾನೆ. ಹಳೆಯ ಮಾಲೀಕನೋ ಆರು ತಿಂಗಳ ಹಿಂದೆಯೇ ಸಹಿ ಮಾಡಿಕೊಟ್ಟು ಕಾರು ಮರೆತಿರುತ್ತಾನೆ. ಆರ್‌ಸಿಯಲ್ಲಾಗಲಿ ವರ್ಗಾವಣೆ ಅರ್ಜಿಯಲ್ಲಾಗಲಿ ಡೀಲರನ ಹೆಸರು ಇರುವುದಿಲ್ಲ. ಇಂಥ ಸಂದರ್ಭದಲ್ಲಿ ಡೀಲರನನ್ನು ವ್ಯವಹಾರಕ್ಕೆ ಕಟ್ಟಿಹಾಕುವ ಸಾಕ್ಷ್ಯವೆಂದರೆ ಅವನ ಖಾತೆಗೆ ಹೋದ ಹಣದ ದಾಖಲೆ, ಇಸಾರದ ರಸೀದಿ, ಜಾಹೀರಾತು, ವಾಟ್ಸಾಪ್ ಸಂದೇಶಗಳು. ಅವನು ಕಮಿಷನ್ ಪಡೆದದ್ದು ಸಾಬೀತಾದರೆ ಮಾರಾಟಗಾರನೆಂದಲ್ಲದಿದ್ದರೂ ಸೇವೆ ಒದಗಿಸಿದವನೆಂದು ಹೊಣೆ ಹೊರಿಸಲು ಅವಕಾಶವಿದೆ.

ಈ ಮರೆಮಾಚುವಿಕೆಯನ್ನು ತಡೆಯಲೆಂದೇ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. 2023ರ ಏಪ್ರಿಲ್ 1ರಿಂದ ಜಾರಿಯಾದ ಈ ನಿಯಮಗಳ ಪ್ರಕಾರ, ನೋಂದಣಿಯಾದ ವಾಹನಗಳನ್ನು ಕೊಂಡು ಮಾರುವ ಡೀಲರ್ ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕು. ಅದರ ಅವಧಿ 5 ವರ್ಷ. ಮಾಲೀಕರು ಕಾರನ್ನು ಅವನ ವಶಕ್ಕೆ ಕೊಟ್ಟಾಗ ಆ ವಿಷಯವನ್ನು ನಮೂನೆ 29ಸಿಯಲ್ಲಿ ಪ್ರಾಧಿಕಾರಕ್ಕೆ ತಿಳಿಸಬೇಕು. ಆ ಮೇಲೆ ಕಾರು ಅವನ ವಶದಲ್ಲಿರುವಷ್ಟು ಕಾಲ ಅದರ ಹೊಣೆ ಅವನದು. ಕಾರು ಹೊರಗೆ ಓಡಿದ ಪ್ರತಿ ಸಲದ ಉದ್ದೇಶ, ಚಾಲಕ, ದೂರ ಇವುಗಳ ದಾಖಲೆಯನ್ನೂ ಅವನು ಇಡಬೇಕು. ಇಂಥ ಅಧಿಕಾರ ಪತ್ರವಿರುವ ಡೀಲರ್ ‘ನಾನು ಮಧ್ಯಸ್ಥ ಮಾತ್ರ’ ಎಂದು ನುಣುಚಿಕೊಳ್ಳುವುದು ಕಷ್ಟ.

ತೆರಿಗೆಯ ಕಡೆಯಿಂದಲೂ ಒಂದು ದಾಖಲೆ ಹುಟ್ಟುತ್ತದೆ. ಜಿಎಸ್‌ಟಿ ನೋಂದಣಿ ಇರುವ ಡೀಲರ್ ಹಳೆಯ ಕಾರು ಮಾರಿದಾಗ ತನ್ನ ಲಾಭದ ಅಂತರದ ಮೇಲೆ ಶೇ. 18 ತೆರಿಗೆ ಕಟ್ಟಬೇಕೆಂಬ ಏಕರೂಪದ ದರ 2025ರ ಜನವರಿ ಕೊನೆಯಿಂದ ಜಾರಿಯಲ್ಲಿದೆ. ಸ್ವಂತದ ಕಾರನ್ನು ನೇರವಾಗಿ ಮಾರುವ ಸಾಮಾನ್ಯ ವ್ಯಕ್ತಿಗೆ ಈ ತೆರಿಗೆ ಇಲ್ಲ. ಜಿಎಸ್‌ಟಿ ಬಿಲ್ ಕೇಳಿ ಪಡೆದವರಿಗೆ ಮಾರಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಕೈಯಲ್ಲೇ ಇರುತ್ತದೆ.

ಯಾವ ದೋಷಕ್ಕೆ ಹಣ ಮರಳುತ್ತದೆ?

ಹಳೆಯ ಕಾರು ಹೊಸದರಂತೆ ಓಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಎಂಟು ವರ್ಷ ಓಡಿದ ಕಾರಿನ ಟೈರ್ ಸವೆದಿರುವುದು, ಬ್ಯಾಟರಿ ದುರ್ಬಲವಾಗಿರುವುದು, ಕ್ಲಚ್ ಪ್ಲೇಟ್ ಅಥವಾ ಬ್ರೇಕ್ ಪ್ಯಾಡ್ ಬದಲಿಸಬೇಕಾಗುವುದು ಬಳಕೆಯ ಸಹಜ ಫಲ. ಇವುಗಳಿಗಾಗಿ ಪೂರ್ತಿ ಹಣ ಕೇಳಿದರೆ ನಿಲ್ಲುವುದಿಲ್ಲ. ಹಣ ಮರಳಿ ಕೇಳಲು ಬಲ ಕೊಡುವ ದೋಷಗಳು ಮೂರು ಗುಂಪಿನವು.

ಮೊದಲ ಗುಂಪು ಯಂತ್ರದ ಗುಪ್ತ ದೋಷಗಳದ್ದು. ಕೊಳ್ಳುವಾಗ ಸಾಮಾನ್ಯ ನೋಟಕ್ಕೆ ಕಾಣದೆ, ಮನೆಗೆ ತಂದ ಕೆಲವೇ ದಿನಗಳಲ್ಲಿ ಹೊರಬೀಳುವ ಇಂಜಿನ್, ಗೇರ್‌ಬಾಕ್ಸ್, ಸ್ಟೀರಿಂಗ್, ಏರ್‌ಬ್ಯಾಗ್ ತೊಂದರೆಗಳು ಇದರಲ್ಲಿ ಬರುತ್ತವೆ. ಹೊಗೆ ಕಾಣದಿರಲೆಂದು ಗಟ್ಟಿ ಆಯಿಲ್ ಹಾಕುವುದು, ಎಚ್ಚರಿಕೆಯ ದೀಪ ಉರಿಯದಂತೆ ತಂತಿ ಕತ್ತರಿಸುವುದು, ಸ್ಕ್ಯಾನರ್ ಹಚ್ಚಿ ದೋಷದ ಸಂಕೇತಗಳನ್ನು ಅಳಿಸುವುದು ಇಂಥ ದೋಷ ಮುಚ್ಚುವ ದಾರಿಗಳು.

ಎರಡನೆಯ ಗುಂಪು ಕಾರಿನ ಇತಿಹಾಸದ ಬಗ್ಗೆ ಹೇಳಿದ ಸುಳ್ಳುಗಳದ್ದು. ಮೀಟರ್ ಹಿಂದಕ್ಕೆ ತಿರುಗಿಸಿ ಓಟ ಕಡಿಮೆ ತೋರಿಸುವುದು, ದೊಡ್ಡ ಅಪಘಾತವನ್ನು ಹೇಳದಿರುವುದು, ಟ್ಯಾಕ್ಸಿಯಾಗಿ ಓಡಿದ ಕಾರನ್ನು ಮನೆಯ ಬಳಕೆಯದೆಂದು ಮಾರುವುದು, ನೆರೆಯಲ್ಲಿ ಮುಳುಗಿದ ಕಾರನ್ನು ತೊಳೆದು ನಿಲ್ಲಿಸುವುದು ಇದರಲ್ಲಿ ಸೇರುತ್ತವೆ. ನೆರೆಯ ಕಾರಿನ ಅಪಾಯ ಈ ಭಾಗಕ್ಕೆ ದೂರದ ಮಾತಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಹರಿದು ಸೋಲಾಪುರ, ವಿಜಯಪುರ, ಕಲಬುರಗಿ ಜಿಲ್ಲೆಗಳು ಮುಳುಗಿದ ದಿನಗಳಲ್ಲೇ ಹೈದರಾಬಾದಿನ ಬಡಾವಣೆಗಳೂ ನೀರಿನಲ್ಲಿದ್ದವು. 2025ರ ಸೆಪ್ಟೆಂಬರ್‌ನಲ್ಲಿ ಸೀನಾ ನದಿ ಸೋಲಾಪುರ ಜಿಲ್ಲೆಯನ್ನು ಮತ್ತೆ ಮುಳುಗಿಸಿತು. ನೀರು ಹೊಕ್ಕ ಕಾರಿನ ವೈರಿಂಗ್ ತಿಂಗಳುಗಟ್ಟಲೆ ಸರಿ ಇದ್ದಂತೆ ತೋರಿ ಆಮೇಲೆ ಒಂದೊಂದಾಗಿ ಕೈಕೊಡುತ್ತದೆ. ಕಾರ್ಪೆಟ್ಟಿನ ಅಡಿಯ ಹೂಳು, ಸೀಟಿನ ಹಳಿಗಳ ತುಕ್ಕು, ಪೂರ್ತಿ ಎಳೆದ ಸೀಟ್ ಬೆಲ್ಟಿನ ತುದಿಯಲ್ಲಿ ಉಳಿದ ಕೆಸರಿನ ಗೆರೆ ಅದರ ಗುರುತು.

ಮೂರನೆಯ ಗುಂಪು ಮಾಲೀಕತ್ವದ ದೋಷಗಳದ್ದು. ಹಳೆಯ ಸಾಲ ತೀರದೆ ಬ್ಯಾಂಕಿನ ಎಚ್‌ಪಿ, ಅಂದರೆ ಸಾಲದ ಒತ್ತೆಯ ನಮೂದು, ಆರ್‌ಸಿಯಲ್ಲಿ ಉಳಿದಿರುವುದು, ಚಾಸಿಸ್ ನಂಬರ್ ತಾಳೆಯಾಗದಿರುವುದು, ಕಾರು ಕಳವಿನದಾಗಿರುವುದು, ಪೊಲೀಸ್ ಪ್ರಕರಣದಲ್ಲಿ ಸಿಕ್ಕಿರುವುದು ಈ ಗುಂಪಿಗೆ ಸೇರುತ್ತವೆ. ಮಾರುವ ಹಕ್ಕು ಮಾರುವವನಿಗೆ ಇರಲೇಬೇಕೆಂಬುದು ಸರಕು ಮಾರಾಟ ಕಾಯ್ದೆಯ 14ನೇ ಕಲಮು ಪ್ರತಿ ಮಾರಾಟದಲ್ಲೂ ಅಡಗಿಸಿಟ್ಟ ಷರತ್ತು. ಅದು ಮುರಿದರೆ ಕಾರು ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಹಣ ಮರಳಿ ಕೇಳಬಹುದು.

‘ಇದ್ದ ಸ್ಥಿತಿಯಲ್ಲಿ’ ಎಂದು ಬರೆದಿದ್ದರೆ?

ಸೋಲಾಪುರದಲ್ಲಿ ಮಾರಾಟದ ಕರಾರು ಸಾಮಾನ್ಯವಾಗಿ ಮರಾಠಿಯಲ್ಲಿ ಇರುತ್ತದೆ. ‘ಆಹೆ ತ್ಯಾ ಸ್ಥಿತೀತ’, ಅಂದರೆ ಇದ್ದ ಸ್ಥಿತಿಯಲ್ಲೇ ಕಾರು ತೆಗೆದುಕೊಂಡಿದ್ದೇನೆ, ಮುಂದೆ ಯಾವ ತಕರಾರೂ ಇಲ್ಲ ಎಂಬ ಸಾಲು ಅಂಥ ಕರಾರಿನಲ್ಲಿ ಕಂಡರೆ ಅಚ್ಚರಿಯಿಲ್ಲ. ಅದಕ್ಕೆ ಸಹಿ ಹಾಕಿದ ಮೇಲೆ ಎಲ್ಲ ಮುಗಿಯಿತೆಂದು ಅನೇಕರು ಸುಮ್ಮನಾಗುತ್ತಾರೆ. ಕಾನೂನು ಅಷ್ಟು ಕಠಿಣವಾಗಿಲ್ಲ.

ಸರಕು ಮಾರಾಟ ಕಾಯ್ದೆಯ 16ನೇ ಕಲಮಿನ ಪ್ರಕಾರ, ಕೊಳ್ಳುವವರು ತಮ್ಮ ಉದ್ದೇಶ ತಿಳಿಸಿ ಮಾರುವವನ ಪರಿಣತಿಯನ್ನು ನಂಬಿ ಕೊಂಡಿದ್ದರೆ, ಅಂಥ ಸರಕು ಮಾರುವುದು ಅವನ ಕಸುಬೇ ಆಗಿದ್ದರೆ, ಸರಕು ಆ ಉದ್ದೇಶಕ್ಕೆ ತಕ್ಕದ್ದಾಗಿರಬೇಕು. ಕೊಳ್ಳುವವರು ಪರೀಕ್ಷಿಸಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಲೇಬೇಕಿದ್ದ ದೋಷಗಳಿಗೆ ರಕ್ಷಣೆ ಇಲ್ಲ. ಬಾಗಿಲಿನ ಗೀರು, ಒಡೆದ ದೀಪ ಅಂಥವು. ಇಂಜಿನ್ ಬಿಚ್ಚದೆ ಕಾಣದ ದೋಷಕ್ಕೆ ಆ ಮಿತಿ ಅಡ್ಡ ಬರುವುದಿಲ್ಲ. 62ನೇ ಕಲಮು ಇಂಥ ಅಡಗಿದ ಷರತ್ತುಗಳನ್ನು ಸ್ಪಷ್ಟ ಒಪ್ಪಂದದಿಂದ ಕೈಬಿಡಲು ಅವಕಾಶ ಕೊಡುತ್ತದೆ ಎಂಬುದು ನಿಜ. ಹೀಗಾಗಿ ‘ಇದ್ದ ಸ್ಥಿತಿಯಲ್ಲಿ’ ಎಂಬ ಸಾಲು ಡೀಲರನಿಗೆ ಒಂದಿಷ್ಟು ಆಸರೆ ಆಗುತ್ತದೆ.

ಆದರೆ ವಂಚನೆಗೆ ಆ ಸಾಲು ಕವಚವಾಗಲಾರದು. ಗೊತ್ತಿದ್ದೂ ಸುಳ್ಳು ಹೇಳುವುದು, ಸತ್ಯವನ್ನು ಬೇಕೆಂದೇ ಮುಚ್ಚುವುದು ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ವಂಚನೆ. 19ನೇ ಕಲಮಿನ ಪ್ರಕಾರ ಅಂಥ ಕರಾರನ್ನು ಮೋಸಹೋದವರು ರದ್ದುಪಡಿಸಬಹುದು. ರದ್ದಾದಾಗ ಪಡೆದದ್ದನ್ನು ಹಿಂದಿರುಗಿಸಬೇಕಾದ್ದರಿಂದ ಕಾರು ಡೀಲರನಿಗೆ, ಹಣ ಕೊಂಡವರಿಗೆ ಮರಳುತ್ತದೆ.

ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳುವುದನ್ನೂ, ಹಳೆಯದನ್ನು ಹೊಸದೆಂದು ಬಿಂಬಿಸುವುದನ್ನೂ, ಬಿಲ್ ಕೊಡದಿರುವುದನ್ನೂ ಅದರ 2(47)ನೇ ಕಲಮು ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಅದೇ ಕಲಮಿನಲ್ಲಿ ಹೆಚ್ಚು ಜನರಿಗೆ ತಿಳಿಯದ ಇನ್ನೊಂದು ಮಾತಿದೆ. ದೋಷವಿರುವ ಸರಕನ್ನು ವಾಪಸ್ ಪಡೆಯಲು, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ಹಣ ಮರಳಿಸಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಬಿಲ್ಲಿನಲ್ಲಿ ಅವಧಿ ಇಲ್ಲದಿದ್ದರೆ 30 ದಿನ ಎಂದು ಕಾಯ್ದೆಯೇ ಗೊತ್ತುಮಾಡಿದೆ.

ಹಳೆಯ ಕಾರನ್ನು ಹೊಸದೆಂದು ಮಾರಿದ ಒಂದು ಪ್ರಕರಣ ಗೋವಾದಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2011ರ ಮಾದರಿಯ ಹೊಸ ಕಾರಿಗೆ ಹಣ ಕೊಟ್ಟ ಗ್ರಾಹಕರಿಗೆ ಸಿಕ್ಕಿದ್ದು 2009ರಲ್ಲಿ ತಯಾರಾಗಿ 622 ಕಿಲೋಮೀಟರ್ ಓಡಿದ್ದ ಕಾರು. ಗ್ರಾಹಕ ವೇದಿಕೆಗಳು ಅವರ ಪರವಾಗಿ ತೀರ್ಪು ಕೊಟ್ಟವು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಯಾರಕರಾದ ಟಾಟಾ ಮೋಟಾರ್ಸ್ ಕಂಪನಿಯನ್ನು ಮಾತ್ರ ಹೊಣೆಯಿಂದ ಬಿಡಿಸಿತು. ಡೀಲರನ ಕೃತ್ಯ ಕಂಪನಿಗೆ ತಿಳಿದಿತ್ತೆಂಬುದಕ್ಕೆ ಸಾಕ್ಷ್ಯವಿಲ್ಲ, ಇಬ್ಬರ ನಡುವಿನದು ಸ್ವತಂತ್ರ ವ್ಯಾಪಾರಿಗಳ ಸಂಬಂಧ ಎಂಬುದು ಅದಕ್ಕೆ ಕಾರಣ. ದೂರನ್ನು ತಪ್ಪು ಮಾಡಿದವರ ಮೇಲೆ ಸರಿಯಾಗಿ ಹೂಡಬೇಕು, ಕಂಪನಿಯ ದೊಡ್ಡ ಹೆಸರನ್ನು ಸೇರಿಸಿದ ಮಾತ್ರಕ್ಕೆ ಹಣ ಬರುವುದಿಲ್ಲ ಎಂಬುದು ಇದರಿಂದ ತಿಳಿಯುವ ಪಾಠ.

ದೋಷ ಕಂಡ ದಿನ ಮಾಡಬೇಕಾದದ್ದು

ದೋಷ ಕಂಡ ಕೂಡಲೇ ಕಾರು ಓಡಿಸುವುದನ್ನು ನಿಲ್ಲಿಸಬೇಕು. ದೋಷ ತಿಳಿದೂ ತಿಂಗಳುಗಟ್ಟಲೆ ಓಡಿಸಿದರೆ ಕಾರನ್ನು ಒಪ್ಪಿಕೊಂಡಂತೆ ಎಂದು ಡೀಲರ್ ವಾದಿಸುತ್ತಾನೆ. ಸಕಾಲದಲ್ಲಿ ತಿರಸ್ಕಾರ ತಿಳಿಸದೆ ಸರಕು ಇಟ್ಟುಕೊಂಡರೆ ಒಪ್ಪಿದಂತೆ ಎಂದು ಸರಕು ಮಾರಾಟ ಕಾಯ್ದೆಯ 42ನೇ ಕಲಮೂ ಹೇಳುತ್ತದೆ. ಕೆಟ್ಟ ಇಂಜಿನನ್ನು ಹಾಗೇ ಓಡಿಸಿದರೆ, ಹಾಳಾದದ್ದು ಕೊಂಡವರ ಕೈಯಲ್ಲೇ ಎಂಬ ವಾದಕ್ಕೂ ದಾರಿಯಾಗುತ್ತದೆ.

ಮುಂದಿನ ಕೆಲಸ ದೋಷವನ್ನು ದಾಖಲಿಸುವುದು. ಮೀಟರಿನ ಅಂಕಿ, ಎಚ್ಚರಿಕೆ ದೀಪ, ಹೊಗೆ, ಸೋರಿಕೆ ಇವುಗಳ ಫೋಟೋ ಮತ್ತು ವಿಡಿಯೋ ತೆಗೆಯಬೇಕು. ಆ ಬ್ರ್ಯಾಂಡಿನ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಪರೀಕ್ಷೆ ಮಾಡಿಸಿ ಜಾಬ್ ಕಾರ್ಡ್ ಮತ್ತು ಅಂದಾಜು ವೆಚ್ಚದ ಪಟ್ಟಿ ಪಡೆಯಬೇಕು. ಊರಿನ ಮಿಸ್ತ್ರಿಯ ಮಾತು ಎಷ್ಟೇ ಸರಿಯಿದ್ದರೂ ಕಾಗದದ ಮೇಲೆ ಸಹಿ, ದಿನಾಂಕ ಇಲ್ಲದೆ ಅದು ಸಾಕ್ಷ್ಯವಾಗುವುದಿಲ್ಲ. ದೋಷ ಇಂದು ಇದೆ ಎಂದಷ್ಟೇ ಬರೆಸಿದರೆ ಸಾಲದು. ಅದು ಎಷ್ಟು ಹಳೆಯದು, ಮಾರಾಟದ ದಿನಕ್ಕೂ ಮೊದಲೇ ಇತ್ತೇ ಎಂಬ ಅಭಿಪ್ರಾಯವೇ ವರದಿಯ ಜೀವಾಳ. ತುರ್ತಾಗಿ ಭಾಗ ಬದಲಿಸಲೇಬೇಕಾದರೆ ಹಳೆಯ ಭಾಗವನ್ನು ಎಸೆಯದೆ ಕಾದಿಡಬೇಕು.

ಕಾರಿನ ಹಿಂದಿನ ಚರಿತ್ರೆಯನ್ನೂ ಕೆದಕಬೇಕು. ಅಧಿಕೃತ ಸರ್ವಿಸ್ ಸೆಂಟರಿನ ದಾಖಲೆಯಲ್ಲಿ ಪ್ರತಿ ಸರ್ವಿಸ್‌ನ ದಿನದ ಓಟ ಬರೆದಿರುತ್ತದೆ. ಮೂರು ವರ್ಷದ ಹಿಂದೆಯೇ 1,10,000 ಕಿಲೋಮೀಟರ್ ಓಡಿದ್ದ ಕಾರು ಮಾರಾಟದ ದಿನ 62,000 ತೋರಿಸಿದರೆ ಬೇರೆ ಸಾಕ್ಷ್ಯ ಬೇಕಿಲ್ಲ. ವಿಮಾ ಕಂಪನಿಯಲ್ಲಿ ಹಿಂದಿನ ಕ್ಲೇಮುಗಳ ವಿವರ ಸಿಕ್ಕರೆ ಅಪಘಾತದ ಸುಳ್ಳು ಬಯಲಾಗುತ್ತದೆ.

ಇದಾದ ಮೇಲೆ ಲಿಖಿತ ಬೇಡಿಕೆ. ಫೋನಿನಲ್ಲಿ ಜಗಳ ಆಡಿದ್ದಕ್ಕೆ ದಾಖಲೆ ಇರುವುದಿಲ್ಲ. ಕೊಂಡ ದಿನಾಂಕ, ಕೊಟ್ಟ ಹಣ, ಡೀಲರ್ ಹೇಳಿದ ಮಾತು, ಕಂಡ ದೋಷ, ವರದಿಯ ಪ್ರತಿ ಇಷ್ಟನ್ನೂ ಸೇರಿಸಿ, ಕಾರನ್ನು ತಿರಸ್ಕರಿಸಿದ್ದೇನೆ, 15 ದಿನದೊಳಗೆ ಕಾರು ತೆಗೆದುಕೊಂಡು ಹಣ ಮರಳಿಸಿ ಎಂದು ನೇರವಾಗಿ ಬರೆದು ಸ್ವೀಕೃತಿ ದಾಖಲೆ ಸಿಗುವ ಅಂಚೆಯಲ್ಲಿ ಕಳಿಸಬೇಕು. ಅದನ್ನೇ ವಾಟ್ಸಾಪಿನಲ್ಲೂ ಕಳಿಸಬಹುದು. ವಾಟ್ಸಾಪ್ ಸಂದೇಶವನ್ನು ಸಾಕ್ಷ್ಯವಾಗಿ ಒಪ್ಪಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ಸಂದೇಶಗಳನ್ನು ಅಳಿಸದೆ ಮೂಲ ಫೋನಿನಲ್ಲೇ ಉಳಿಸಿಕೊಳ್ಳುವುದು ಮುಖ್ಯ.

ಡೀಲರ್ ರಾಜಿಗೆ ಬಂದರೆ ಒಳ್ಳೆಯದೇ. ದುರಸ್ತಿ ಮಾಡಿಕೊಡುತ್ತೇನೆ ಎಂದರೆ ಯಾವ ಭಾಗ, ಎಷ್ಟು ದಿನ, ಮತ್ತೆ ಕೆಟ್ಟರೆ ಏನು ಎಂಬುದನ್ನು ಬರೆಸಿಕೊಳ್ಳಬೇಕು. ಬೇರೆ ಕಾರು ಕೊಡುತ್ತೇನೆ ಎಂದರೆ ಅದರ ಪರೀಕ್ಷೆಯೂ ಮೊದಲಿನಷ್ಟೇ ಕಟ್ಟುನಿಟ್ಟಾಗಿ ನಡೆಯಬೇಕು. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಕನ್ನಡ, ಮರಾಠಿ ಎರಡರಲ್ಲೂ ದೂರು ಕೇಳಿ ಡೀಲರನ ಜೊತೆ ಮಾತುಕತೆಗೆ ಪ್ರಯತ್ನಿಸುತ್ತದೆ. ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ.

ದೂರು ಸೋಲಾಪುರದಲ್ಲೋ ವಿಜಯಪುರದಲ್ಲೋ?

ಗಡಿಯ ಜನರಿಗೆ 2019ರ ಕಾಯ್ದೆ ತಂದ ದೊಡ್ಡ ಅನುಕೂಲ ಇಲ್ಲಿದೆ. 1986ರ ಹಳೆಯ ಕಾಯ್ದೆಯಲ್ಲಿ ಎದುರುಪಕ್ಷದವರು ಇರುವ ಅಥವಾ ವ್ಯವಹಾರ ನಡೆದ ಜಾಗದಲ್ಲೇ ದೂರು ಕೊಡಬೇಕಿತ್ತು. ಸೋಲಾಪುರದಲ್ಲಿ ಕಾರು ಕೊಂಡ ಇಂಡಿಯ ರೈತ ಪ್ರತಿ ವಾಯಿದೆಗೆ ಭೀಮಾ ದಾಟಿ ಹೋಗಬೇಕಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯ 34ನೇ ಕಲಮು ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೂ ದೂರು ಕೊಡಬಹುದೆಂದು ಹೇಳುತ್ತದೆ. ಹೀಗಾಗಿ ಇಂಡಿ, ಚಡಚಣದವರು ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗಕ್ಕೆ, ಅಫಜಲಪುರದವರು ಕಲಬುರಗಿಯ ಆಯೋಗಕ್ಕೆ ಹೋಗಬಹುದು. ಅಕ್ಕಲಕೋಟೆಯವರಿಗೆ ಸೋಲಾಪುರದ ಆಯೋಗವೇ ಸಮೀಪ.

ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ. ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. 5ರಿಂದ 10 ಲಕ್ಷಕ್ಕೆ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400 ರೂಪಾಯಿ. ವಕೀಲರು ಕಡ್ಡಾಯವಲ್ಲ. ದೂರನ್ನು 2025ರ ಜನವರಿಯಲ್ಲಿ ಶುರುವಾದ ಇ-ಜಾಗೃತಿ ಜಾಲತಾಣದಲ್ಲೂ ಸಲ್ಲಿಸಬಹುದು, ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲು ಅನುಮತಿ ಕೇಳಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಪಡೆಯಲು ಅರ್ಹರು. ದೂರಿನ ಕಾಲಮಿತಿ ಕಾರಣ ಹುಟ್ಟಿದ ದಿನದಿಂದ 2 ವರ್ಷ.

ಇನ್ನೊಂದು ಪ್ರಶ್ನೆ ಈ ಭಾಗದಲ್ಲಿ ಮುಖ್ಯ. ಸೋಲಾಪುರದಿಂದ ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದೇವಸ್ಥಾನ, ಗಾಣಗಾಪುರ, ತುಳಜಾಪುರ, ಪಂಢರಪುರಗಳಿಗೆ ಭಕ್ತರನ್ನು ಕರೆದೊಯ್ಯಲು ಹಳೆಯ ಕಾರು ಕೊಂಡವರು ಗ್ರಾಹಕರೇ, ವ್ಯಾಪಾರಿಗಳೇ? ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎನ್ನುತ್ತದೆ ಕಾಯ್ದೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡವರಿಗೆ ಅದು ವಿನಾಯಿತಿ ಕೊಟ್ಟಿದೆ. ತಾನೇ ಓಡಿಸಲು ಗಾಡಿ ಕೊಂಡವನು ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 1995ರ ಲಕ್ಷ್ಮೀ ಇಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲಿ ವಿವರಿಸಿದೆ. ಹಲವು ಕಾರು, ಸಂಬಳದ ಚಾಲಕರನ್ನು ಇಟ್ಟು ವ್ಯವಹಾರ ನಡೆಸುವವರಿಗೆ ಈ ವಿನಾಯಿತಿ ಸಿಗದು. ಅವರ ದಾರಿ ಸಿವಿಲ್ ಕೋರ್ಟ್. ಡೀಲರನಲ್ಲದ ಸಾಮಾನ್ಯ ಮಾಲೀಕನಿಂದ ನೇರ ಕೊಂಡವರ ದಾರಿಯೂ ಅದೇ. ಅಲ್ಲಿ ಕಾಲಮಿತಿ ಸಾಮಾನ್ಯವಾಗಿ 3 ವರ್ಷ.

ಆಯೋಗದಲ್ಲಿ ನಡೆಯುವುದು

ದೂರನ್ನು ಸ್ವೀಕರಿಸಬೇಕೇ ಎಂಬುದನ್ನು ಆಯೋಗ ಸಾಮಾನ್ಯವಾಗಿ 21 ದಿನದಲ್ಲಿ ತೀರ್ಮಾನಿಸಬೇಕು. ನೋಟಿಸು ತಲುಪಿದ ಡೀಲರನಿಗೆ ಉತ್ತರ ಕೊಡಲು 30 ದಿನ, ಕೇಳಿದರೆ ಇನ್ನು 15 ದಿನ ಸಿಗುತ್ತದೆ. 45 ದಿನ ಮೀರಿದ ಉತ್ತರವನ್ನು ಸ್ವೀಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿದೆ. ಎರಡೂ ಕಡೆಯವರು ಒಪ್ಪಿದರೆ ಪ್ರಕರಣ ಮಧ್ಯಸ್ಥಿಕೆಗೆ ಹೋಗುತ್ತದೆ.

ಕಾರಿನ ಪ್ರಕರಣಗಳಲ್ಲಿ ಗೆಲುವು ಸೋಲು ನಿಂತಿರುವುದು ತಜ್ಞರ ವರದಿಯ ಮೇಲೆ. ಪರೀಕ್ಷೆಯಿಲ್ಲದೆ ತಿಳಿಯಲಾಗದ ದೋಷವನ್ನು ಆಯೋಗ ಸೂಕ್ತ ಪ್ರಯೋಗಾಲಯಕ್ಕೆ ಒಪ್ಪಿಸಬಹುದು. ವರದಿಗೆ 45 ದಿನ. ಅದರ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕಾಗಬಹುದು. ಪರೀಕ್ಷೆ ಬೇಡದ ದೂರು 3 ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು 5 ತಿಂಗಳಲ್ಲಿ ಮುಗಿಯಬೇಕೆಂಬುದು ಕಾಯ್ದೆಯ ಆಶಯ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಡಬೇಕು.

ದೋಷ ಸಾಬೀತಾದರೆ 39ನೇ ಕಲಮಿನಡಿ ಆಯೋಗ ದೋಷ ಸರಿಪಡಿಸಲು, ಸರಕು ಬದಲಿಸಲು, ಬಡ್ಡಿ ಸಹಿತ ಹಣ ಮರಳಿಸಲು, ಪರಿಹಾರ ಮತ್ತು ದಾವೆಯ ಖರ್ಚು ಕೊಡಲು ಆದೇಶಿಸಬಹುದು. ಪ್ರತಿ ದೋಷಕ್ಕೂ ಪೂರ್ತಿ ಹಣ ಸಿಗುತ್ತದೆಂದು ನಂಬಬಾರದು. ಭಾಗ ಬದಲಿಸಿದರೆ ಸರಿಹೋಗುವ ದೋಷಕ್ಕೆ ಇಡೀ ಕಾರು ಬದಲಿಸಬೇಕಿಲ್ಲ ಎಂದು 2006ರಲ್ಲಿ ಮಾರುತಿ ಕಂಪನಿಯ ಹೊಸ ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಾರಂಟಿಯ ಷರತ್ತನ್ನು ನೋಡಿ ಹೇಳಿತ್ತು. ಉದಾಹರಣೆಗೆ 4,50,000 ರೂಪಾಯಿಯ ಕಾರಿಗೆ 85,000 ರೂಪಾಯಿಯ ಇಂಜಿನ್ ಕೆಲಸ ಬಂದರೆ ಆ ವೆಚ್ಚ ಮತ್ತು ಪರಿಹಾರ ಸಿಗುವ ಸಾಧ್ಯತೆಯೇ ಹೆಚ್ಚು. ಮೀಟರ್ ತಿರುಗಿಸಿದ, ನೆರೆಯಲ್ಲಿ ಮುಳುಗಿದ, ಮಾಲೀಕತ್ವವೇ ಸರಿಯಿಲ್ಲದ ಕಾರಿಗೆ ಪೂರ್ತಿ ಹಣ ಕೇಳುವ ವಾದ ಬಲವಾಗಿರುತ್ತದೆ. ಆದ್ದರಿಂದ ದೂರಿನಲ್ಲಿ ಹಣ ವಾಪಸನ್ನು ಮೊದಲ ಬೇಡಿಕೆಯಾಗಿ, ದುರಸ್ತಿ ವೆಚ್ಚವನ್ನು ಪರ್ಯಾಯ ಬೇಡಿಕೆಯಾಗಿ ಬರೆಯುವುದು ಜಾಣತನ.

ಆದೇಶ ಒಪ್ಪದವರು 45 ದಿನದಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿ ಹೂಡುವ ಡೀಲರ್ ಆದೇಶದ ಅರ್ಧ ಹಣವನ್ನು ಮೊದಲು ಕಟ್ಟಬೇಕು. ಆದೇಶ ಪಾಲಿಸದಿದ್ದರೆ 72ನೇ ಕಲಮಿನಡಿ ಒಂದು ತಿಂಗಳಿಂದ 3 ವರ್ಷದವರೆಗೆ ಜೈಲು, 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಕಾರಿನ ಮೇಲೆ ಸಾಲವಿದ್ದರೆ ಪ್ರಕರಣ ನಡೆಯುವಾಗಲೂ ಕಂತು ಕಟ್ಟುತ್ತಲೇ ಇರಬೇಕು. ಡೀಲರನ ಮೇಲಿನ ಸಿಟ್ಟಿಗೆ ಬ್ಯಾಂಕಿನ ಕಂತು ನಿಲ್ಲಿಸಿದರೆ ಹೊಸ ಸಂಕಟ ತಲೆಯ ಮೇಲೆ ಬರುತ್ತದೆ.

ಪೊಲೀಸ್ ದೂರು ಯಾವಾಗ?

ಕಳವಿನ ಕಾರು, ತಿದ್ದಿದ ಚಾಸಿಸ್ ನಂಬರ್, ನಕಲಿ ಆರ್‌ಸಿ, ಹಣ ಪಡೆದು ಕಾರನ್ನೇ ಕೊಡದಿರುವುದು, ಇಂಥವು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ವಂಚಿಸಿ ಹಣ ಕೊಡುವಂತೆ ಮಾಡಿದ್ದಕ್ಕೆ 7 ವರ್ಷದವರೆಗೆ ಶಿಕ್ಷೆ ಇದೆ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕ್ರಿಮಿನಲ್ ಕಾನೂನುಗಳ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ದೂರು ದಾಖಲಿಸಬಹುದು. ಆದರೆ ಪೊಲೀಸ್ ಪ್ರಕರಣದ ಗುರಿ ಶಿಕ್ಷೆ. ಹಣ ಮರಳಿ ಬರಬೇಕಾದರೆ ಗ್ರಾಹಕ ಆಯೋಗ ಅಥವಾ ಸಿವಿಲ್ ಕೋರ್ಟಿನ ದಾರಿಯನ್ನು ಬಿಡಬಾರದು.

ಬೇರೆ ದೇಶಗಳ ವ್ಯವಸ್ಥೆ

ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಡಿ ಡೀಲರನಿಂದ ಕೊಂಡ ಹಳೆಯ ಕಾರು ದೋಷದ್ದೆಂದು ಕಂಡರೆ 30 ದಿನದೊಳಗೆ ತಿರಸ್ಕರಿಸಿ ಪೂರ್ತಿ ಹಣ ಪಡೆಯಬಹುದು. ಆಮೇಲೆ ಡೀಲರನಿಗೆ ಒಮ್ಮೆ ದುರಸ್ತಿಯ ಅವಕಾಶ ಕೊಡಬೇಕು. ಅದು ಫಲಿಸದಿದ್ದರೆ ಮತ್ತೆ ಹಣ ಕೇಳಬಹುದು, ಆಗ ಮೊದಲ ಆರು ತಿಂಗಳಲ್ಲಿ ಕಂಡ ದೋಷ ಮಾರಾಟದ ದಿನ ಇರಲಿಲ್ಲವೆಂದು ಸಾಬೀತುಪಡಿಸುವ ಹೊಣೆ ಡೀಲರನದು. ಯುರೋಪಿನ ಒಕ್ಕೂಟದಲ್ಲಿ ಹಳೆಯ ಸರಕಿಗೂ ಮಾರಾಟಗಾರ ಕನಿಷ್ಠ ಒಂದು ವರ್ಷ ಹೊಣೆ ಹೊರಬೇಕು. ಅಮೆರಿಕದಲ್ಲಿ ಡೀಲರ್ ವಾರಂಟಿ ಕೊಡುತ್ತಾನೋ ಇಲ್ಲವೋ ಎಂಬ ಚೀಟಿಯನ್ನು ಪ್ರತಿ ಹಳೆಯ ಕಾರಿನ ಮೇಲೆ ಅಂಟಿಸಬೇಕೆಂಬ ನಿಯಮ 1985ರಿಂದ ಇದೆ. ಭಾರತದಲ್ಲಿ ಹಳೆಯ ಕಾರಿಗೆಂದೇ ಇಂಥ ನಿಗದಿತ ಅವಧಿಯ ಹೊಣೆ ಇಲ್ಲ. ದೋಷ ಮೊದಲೇ ಇತ್ತೆಂದು ತೋರಿಸುವ ಭಾರ ಕೊಂಡವರ ಹೆಗಲ ಮೇಲಿದೆ. ಈ ಭಾರವನ್ನು ಡೀಲರನ ಕಡೆಗೆ ಸರಿಸುವ ಕಾನೂನು ಇಲ್ಲೂ ಬರಬೇಕು.

ಕೊಳ್ಳುವ ದಿನದ ಕಾಗದ

ಅಲ್ಲಿಯವರೆಗೆ ಕೊಳ್ಳುವವರೇ ಎಚ್ಚರ ವಹಿಸಬೇಕು. ಪರಿವಾಹನ ಜಾಲತಾಣ ಅಥವಾ ಆ್ಯಪಿನಲ್ಲಿ ನಂಬರ್ ಹಾಕಿ ನೋಂದಣಿ, ಎಚ್‌ಪಿ, ವಿಮೆ, ಬಾಕಿ ದಂಡ ಇವನ್ನು ನೋಡಬೇಕು. ಎಚ್‌ಪಿ ಇದ್ದರೆ ಸಾಲ ತೀರಿದೆ ಎಂಬ ಬ್ಯಾಂಕಿನ ಪತ್ರ ಮತ್ತು ಎಚ್‌ಪಿ ತೆಗೆಸುವ ನಮೂನೆ 35 ಸಿಕ್ಕುವವರೆಗೆ ಪೂರ್ತಿ ಹಣ ಕೊಡಬಾರದು. ಹಣವನ್ನು ಬ್ಯಾಂಕ್ ಮೂಲಕ ಡೀಲರನ ಸಂಸ್ಥೆಯ ಖಾತೆಗೇ ಹಾಕಬೇಕು. ಒಂದು ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನೇ ನಿಷೇಧಿಸಿದೆ. ಇಸಾರದ ರಸೀದಿಯಲ್ಲಿ ಯಾವ ಸಂದರ್ಭದಲ್ಲಿ ಅದು ಮರಳುತ್ತದೆ ಎಂಬುದಿರಬೇಕು. ಡೀಲರ್ ಬಾಯಲ್ಲಿ ಹೇಳಿದ್ದನ್ನು ಕರಾರಿನಲ್ಲಿ ಬರೆಸಬೇಕು. ಓಟ ಇಷ್ಟು, ಅಪಘಾತವಾಗಿಲ್ಲ, ನೆರೆಯಲ್ಲಿ ಮುಳುಗಿಲ್ಲ, ಇಂಜಿನ್ ಮತ್ತು ಗೇರ್‌ಬಾಕ್ಸಿಗೆ ಇಷ್ಟು ತಿಂಗಳ ಹೊಣೆ, ತಪ್ಪಿದರೆ ಇಷ್ಟು ದಿನದಲ್ಲಿ ಹಣ ವಾಪಸ್ ಎಂಬ ಐದು ಸಾಲು ಸಾಕು. ಮರಾಠಿ ಓದಲು ಬಾರದವರು ಬಲ್ಲವರಿಂದ ಪೂರ್ತಿ ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಬೇಕು.

ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಕೊಡಬೇಕು. ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸದಿದ್ದರೆ ಕಾರಿನ ಸ್ವಂತ ಹಾನಿಗೆ ಪರಿಹಾರ ಸಿಗುವುದು ಕಷ್ಟ. ಮಹಾರಾಷ್ಟ್ರದ ಕಾರನ್ನು ಕರ್ನಾಟಕಕ್ಕೆ ಒಯ್ಯುವವರಿಗೆ ಮೂಲ ಆರ್‌ಟಿಓದಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಡುವ ಕಾರಿಗೆ ಅಲ್ಲಿನ ನಂಬರ್ ಪಡೆದು ತೆರಿಗೆ ಕಟ್ಟಬೇಕು. ಎನ್‌ಒಸಿ ಮತ್ತು ತೆರಿಗೆಯ ಖರ್ಚು ಯಾರದು ಎಂಬುದೂ ಕರಾರಿನಲ್ಲಿ ಇರಲಿ. ಎನ್‌ಒಸಿ ಬರದೆ ಕಾರು ಅಂಗಳದಲ್ಲೇ ನಿಂತರೆ ಅದಕ್ಕೂ ಡೀಲರ್ ಹೊಣೆಯಾಗುವಂತೆ ಬರೆಸಿಕೊಳ್ಳಬೇಕು.

ಬಿಲ್ ಕೊಡದ, ಮಾತನ್ನು ಬರೆದುಕೊಡಲು ಒಪ್ಪದ, ಸ್ವತಂತ್ರ ಮೆಕ್ಯಾನಿಕ್‌ಗೆ ಕಾರು ತೋರಿಸಲು ಬಿಡದ ಡೀಲರನ ಬಳಿ ಕಾರು ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬಾರದು. ಈಗಾಗಲೇ ಕೊಂಡು ಮೋಸಹೋದವರು ಸುಮ್ಮನೆ ಕೂರದೆ 2 ವರ್ಷದ ಅವಧಿ ಮುಗಿಯುವ ಮೊದಲೇ ತಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸಬೇಕು.